ಬಂದರಿನ ಮಂಡಳಿಯಲ್ಲಿ ಹೊರಗಿನವರ ಕುರ್ಚಿ: ಅದಕ್ಕೆ ಯಾರನ್ನು, ಹೇಗೆ ಹುಡುಕುತ್ತಾರೆ?

1996ರ ಫೆಬ್ರವರಿ 15ರ ರಾತ್ರಿ. 'ಸೀ ಎಂಪ್ರೆಸ್' ಅನ್ನುವ ತೈಲದ ಹಡಗು ಬ್ರಿಟನ್ನಿನ ವೇಲ್ಸ್ ಕರಾವಳಿಯ ಮಿಲ್ಫರ್ಡ್ ಹೇವನ್ ಬಂದರಿನೊಳಗೆ ಬರುತ್ತಿತ್ತು. ಹೊಟ್ಟೆ ತುಂಬ ಕಚ್ಚಾ ತೈಲ. ಹಡಗಿನ ಮೇಲೆ ಬಂದರಿನ ಪೈಲಟ್ ಕೂಡ ಇದ್ದರು. ಇಲ್ಲಿ ಪೈಲಟ್ ಅಂದರೆ ವಿಮಾನದವರಲ್ಲ. ಆ ಜಾಗದ ಆಳ, ಸೆಳೆತ, ಬಂಡೆ ಎಲ್ಲ ಗೊತ್ತಿದ್ದು, ಹೊರಗಿನಿಂದ ಬಂದ ಹಡಗಿಗೆ ದಾರಿ ತೋರಿಸಿ ಒಳಗೆ ತರುವವರು. ಆದರೂ ಬಂದರಿನ ಬಾಯಲ್ಲೇ ಹಡಗು ಬಂಡೆಗೆ ತಗುಲಿತು. ಮುಂದಿನ ಒಂದು ವಾರದಲ್ಲಿ ಸುಮಾರು 72,000 ಟನ್ ತೈಲ ಸಮುದ್ರಕ್ಕೆ ಸುರಿಯಿತು.

ಕೊನೆಗೆ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡದ್ದು ಬಂದರು ಪ್ರಾಧಿಕಾರ. ಪೈಲಟ್ ಒಬ್ಬರ ತಪ್ಪು ಅಂತ ಹೇಳಿ ಕೈ ತೊಳೆದುಕೊಳ್ಳಲು ಆಗಲಿಲ್ಲ. ಪೈಲಟ್‌ಗೆ ತರಬೇತಿ ಕೊಟ್ಟವರು, ಇಂಥ ಹಡಗು ತರಬಹುದು ಎಂದು ಅನುಮತಿ ಕೊಟ್ಟವರು ಅವರೇ ಅಲ್ವಾ? 1999ರಲ್ಲಿ 40 ಲಕ್ಷ ಪೌಂಡ್ ದಂಡ ಬಿತ್ತು. ಮೇಲ್ಮನವಿಯಲ್ಲಿ ಅದು 7.5 ಲಕ್ಷಕ್ಕೆ ಇಳಿಯಿತು. ಇಳಿಸುವಾಗ ಕೋರ್ಟು ಒಂದು ವಿಚಿತ್ರ ತೊಡಕನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಈ ಬಂದರಿಗೆ ಷೇರುದಾರರೇ ಇಲ್ಲ. ದಂಡದ ಬಿಸಿ ತಟ್ಟುವುದು ಲಾಭ ಹಂಚಿಕೊಳ್ಳುವ ಮಾಲೀಕರಿಗಲ್ಲ, ಬಂದರಿಗೇ, ಅದನ್ನು ಬಳಸುವವರಿಗೇ.

2000ದಲ್ಲಿ ಬ್ರಿಟನ್ ಒಂದು ಸುರಕ್ಷತಾ ಸಂಹಿತೆ ತಂದಿತು. ಆಗ ಅದರ ಹೆಸರು 'ಪೋರ್ಟ್ ಮರೀನ್ ಸೇಫ್ಟಿ ಕೋಡ್'. ಬಂದರಿನ ನೀರಿನಲ್ಲಿ ಹಡಗುಗಳು ಸುರಕ್ಷಿತವಾಗಿ ಓಡಾಡುವ ಹೊಣೆ ಕೊನೆಗೆ ಯಾರದು ಎಂಬ ಪ್ರಶ್ನೆಗೆ ಅದು ನೇರ ಉತ್ತರ ಕೊಟ್ಟಿತು: ಆಡಳಿತ ಮಂಡಳಿಯದು. ಹಡಗುಗಳ ಓಡಾಟ ನೋಡಿಕೊಳ್ಳುವ ಅಧಿಕಾರಿಗೆ, ಅಂದರೆ ಹಾರ್ಬರ್ ಮಾಸ್ಟರ್‌ಗೆ, ಕೆಲಸ ವಹಿಸಬಹುದು, ಹೊಣೆಯನ್ನು ವಹಿಸಿ ಕೂರುವ ಹಾಗಿಲ್ಲ. ಮಂಡಳಿ ಒಟ್ಟಾಗಿಯೂ ಉತ್ತರ ಕೊಡಬೇಕು, ಪ್ರತಿ ಸದಸ್ಯರೂ ಬಿಡಿಬಿಡಿಯಾಗಿಯೂ ಕೊಡಬೇಕು.

ಈಗ ಯೋಚಿಸಿ. ಆ ಮಂಡಳಿಯ ಹೆಚ್ಚಿನ ಸದಸ್ಯರು ಬಂದರಿನ ನೌಕರರೇ ಅಲ್ಲ. ತಿಂಗಳಿಗೆ ಎರಡೋ ಮೂರೋ ದಿನ ಬಂದು ಹೋಗುವ ಹೊರಗಿನವರು. ಇವರಿಗೆ ನಾನ್-ಎಕ್ಸಿಕ್ಯುಟಿವ್ ಸದಸ್ಯರು ಅನ್ನುತ್ತಾರೆ. ಕನ್ನಡದಲ್ಲಿ 'ಕಾರ್ಯನಿರ್ವಾಹಕೇತರ' ಅಂತ ಒಂದು ಪದ ಇದೆ. ಹೇಳುವಷ್ಟರಲ್ಲಿ ಮೀಟಿಂಗ್ ಮುಗಿದಿರುತ್ತದೆ. ಹಾಗಾಗಿ ಇಲ್ಲಿ 'ಹೊರಗಿನ ಸದಸ್ಯರು' ಅಂತಲೇ ಕರೆಯೋಣ.

ನಡೆಸುವವರು ಬೇರೆ, ಕೇಳುವವರು ಬೇರೆ

ಬಂದರಿನ ಸಿಇಒ, ಹಣಕಾಸು ಮುಖ್ಯಸ್ಥರು, ಕಾರ್ಯಾಚರಣೆ ನೋಡುವವರು, ಇವರೆಲ್ಲ ದಿನವೂ ಬಂದರು ನಡೆಸುತ್ತಾರೆ. ಯಾವ ಹಡಗಿಗೆ ನಿಲ್ಲಲು ಯಾವ ಬರ್ತ್, ಎಳೆಯಲು ಎಷ್ಟು ಟಗ್ ದೋಣಿ, ಯಾವಾಗ ಹೂಳು ಎತ್ತಿಸುವುದು, ಎಲ್ಲ ಅವರದೇ ತೀರ್ಮಾನ. ಹೊರಗಿನ ಸದಸ್ಯರು ಇದಕ್ಕೆ ಕೈ ಹಾಕಬಾರದು. ಅವರ ಕೆಲಸ ಬೇರೆ. ದೊಡ್ಡ ಖರ್ಚಿಗೆ ಒಪ್ಪಿಗೆ ಕೊಡುವುದು ಅಥವಾ ಕೊಡದಿರುವುದು. ಸಿಇಒ ಅವರನ್ನು ನೇಮಿಸುವುದು, ಬೇಕಾದರೆ ತೆಗೆಯುವುದು. ಲೆಕ್ಕಪತ್ರ ಸರಿಯಿದೆಯೇ ನೋಡುವುದು. ಎಲ್ಲಕ್ಕಿಂತ ಮುಖ್ಯವಾಗಿ, ಒಳಗಿನವರು ಕೇಳಲು ಹಿಂಜರಿಯುವ ಪ್ರಶ್ನೆಯನ್ನು ಕೇಳುವುದು.

ಇದು ಸುಮ್ನೆ ಹೇಳುವಷ್ಟು ಸುಲಭ ಅಲ್ಲ. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ನೋಡಿ. ಯುರೋಪಿನ ಅತಿ ದೊಡ್ಡ ಬಂದರು. 2004ರಲ್ಲಿ ಅದನ್ನು ನಗರಸಭೆಯ ಇಲಾಖೆಯಿಂದ ಬಿಡಿಸಿ ಕಂಪನಿ ಮಾಡಿದರು. ಅದೇ ವರ್ಷ ಹಗರಣವೊಂದು ಹೊರಬಂತು. ಬಂದರಿನ ಮುಖ್ಯಸ್ಥರು ಒಂದು ಖಾಸಗಿ ಉದ್ಯಮ ಸಮೂಹದ ಸಾಲಗಳಿಗೆ ಬಂದರಿನ ಹೆಸರಲ್ಲಿ ಗ್ಯಾರಂಟಿ ಬರೆದುಕೊಟ್ಟಿದ್ದರು. ಮೊತ್ತ 10 ಕೋಟಿ ಯೂರೋಗೂ ಮೀರಿತ್ತು. ಕೇಳಬೇಕಾದವರ ಒಪ್ಪಿಗೆಯನ್ನೇ ಪಡೆದಿರಲಿಲ್ಲ. ಆ ಮುಖ್ಯಸ್ಥರು ರಾಜೀನಾಮೆ ಕೊಟ್ಟು ಹೋದರು. ಒಬ್ಬ ಸಮರ್ಥ, ಎಲ್ಲರೂ ಮೆಚ್ಚುವ ಮುಖ್ಯಸ್ಥ ಇದ್ದಾಗಲೇ ಇಂಥದ್ದು ಆಗುವುದು ಜಾಸ್ತಿ. ಅಂಥವರ ಮುಂದೆ ಪ್ರಶ್ನೆ ಎತ್ತಲು ಎಲ್ಲರಿಗೂ ಸಂಕೋಚ.

ಮಾಮೂಲಿ ಕಂಪನಿಯಲ್ಲೂ ಹೊರಗಿನ ನಿರ್ದೇಶಕರು ಇರುತ್ತಾರೆ. ಬಂದರಿನಲ್ಲಿ ಏನು ವಿಶೇಷ? ಮೊದಲನೆಯದಾಗಿ, ಮಾಲೀಕರು ಯಾರು ಎಂಬುದೇ ಗೊಂದಲ. ರಾಟರ್‌ಡ್ಯಾಮಿನ ಷೇರುಗಳಲ್ಲಿ ಸುಮಾರು 70 ಶೇಕಡಾ ನಗರಸಭೆಯದು, ಉಳಿದದ್ದು ಡಚ್ ಸರಕಾರದ್ದು. ನ್ಯೂಜಿಲೆಂಡಿನ ಆಕ್ಲೆಂಡ್ ಬಂದರು ಪೂರ್ತಿ ಅಲ್ಲಿನ ನಗರ ಮಂಡಳಿಯದು. ಡೋವರ್, ಲಂಡನ್, ಮಿಲ್ಫರ್ಡ್ ಹೇವನ್ 'ಟ್ರಸ್ಟ್ ಪೋರ್ಟ್'ಗಳು. ಇವಕ್ಕೆ ಮಾಲೀಕರೇ ಇಲ್ಲ, ಕಾನೂನಿನಿಂದಲೇ ಹುಟ್ಟಿದ ಸಂಸ್ಥೆಗಳು. ಡೋವರ್ ಹಾರ್ಬರ್ ಬೋರ್ಡ್ 1606ರಷ್ಟು ಹಳೆಯದು. ಷೇರುದಾರರು ಇದ್ದಿದ್ದರೆ ಕನಿಷ್ಠ ಲಾಭ ಎಲ್ಲಿ ಅಂತ ಗಲಾಟೆ ಮಾಡುತ್ತಿದ್ದರು. ಇಲ್ಲಿ ಆ ಗಲಾಟೆಯೂ ಇಲ್ಲ. ಮಂಡಳಿ ನಿದ್ದೆ ಹೋದರೆ ಎಬ್ಬಿಸುವವರು ಕಡಿಮೆ.

ಎರಡನೆಯದು, ಕಾಲದ ಅಳತೆ. ಅಲೆ ತಡೆಯುವ ಗೋಡೆ ಕಟ್ಟಿದರೆ ಐವತ್ತು, ನೂರು ವರ್ಷ ನಿಲ್ಲಬೇಕು. ಆದರೆ ಹಡಗಿನ ಗಾತ್ರ ಅಷ್ಟು ಕಾಯುವುದಿಲ್ಲ. 1956ರ ಏಪ್ರಿಲ್‌ನಲ್ಲಿ 'ಐಡಿಯಲ್ ಎಕ್ಸ್' ಹಡಗು ಅಮೆರಿಕದ ನ್ಯೂಆರ್ಕ್‌ನಿಂದ ಹ್ಯೂಸ್ಟನ್‌ಗೆ 58 ಕಂಟೇನರ್ ಹೊತ್ತು ಹೊರಟಿತ್ತು. ಇಂದಿನ ದೈತ್ಯ ಹಡಗುಗಳು 20 ಅಡಿಯ ಲೆಕ್ಕದಲ್ಲಿ 24,000 ಕಂಟೇನರ್ ಹೊರುತ್ತವೆ. ಉದ್ದ ಸುಮಾರು 400 ಮೀಟರ್. ಇಂಥ ಹಡಗಿಗಾಗಿ ಕಾಲುವೆ ಆಳ ಮಾಡಬೇಕೇ ಬೇಡವೇ? ಮಾಡಿದ ಮೇಲೆ ಹಡಗು ಬರದಿದ್ದರೆ? ಅದೂ ಆಗುತ್ತದೆ. 2000ದಲ್ಲಿ ಮೇರ್ಸ್ಕ್ ಹಡಗು ಕಂಪನಿ ತನ್ನ ದೊಡ್ಡ ವ್ಯವಹಾರವನ್ನು ಸಿಂಗಾಪುರದಿಂದ ಪಕ್ಕದ ಮಲೇಷ್ಯಾದ ತಂಜುಂಗ್ ಪೆಲೆಪಾಸ್‌ಗೆ ಎತ್ತಿಕೊಂಡು ಹೋಯಿತು. ಎರಡು ವರ್ಷಕ್ಕೆ ಎವರ್‌ಗ್ರೀನ್ ಕಂಪನಿಯೂ ಹಿಂಬಾಲಿಸಿತು. ಸಿಂಗಾಪುರದಂಥ ಬಂದರಿಗೇ ಹೀಗಾದರೆ ಬೇರೆಯವರ ಪಾಡು ಕೇಳಬೇಕೇ?

ಮೂರನೆಯದು, ಬಂದರಿನಲ್ಲಿ ಪ್ರಮಾದ ಎಷ್ಟೋ ಸಲ ವರ್ಷಗಟ್ಟಲೆ ಮೂಲೆಯಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ಲೆಬನಾನ್‌ನ ಬೈರೂತ್ ಬಂದರಿನ 12ನೇ ಗೋದಾಮಿನಲ್ಲಿ ಸುಮಾರು 2,750 ಟನ್ ಅಮೋನಿಯಂ ನೈಟ್ರೇಟ್ 2014ರಿಂದ ಬಿದ್ದಿತ್ತು. 2020ರ ಆಗಸ್ಟ್ 4ರಂದು ಸಿಡಿಯಿತು. 200ಕ್ಕೂ ಹೆಚ್ಚು ಜನ ಸತ್ತರು. ಅದು ಅಲ್ಲಿದೆ ಎಂದು ಹಲವರಿಗೆ ಗೊತ್ತಿತ್ತು. ಕಚೇರಿಯಿಂದ ಕಚೇರಿಗೆ ಪತ್ರಗಳು ಓಡಾಡಿದ್ದವು. ಆ ಬಂದರನ್ನು ನಡೆಸುತ್ತಿದ್ದುದು ಒಂದು 'ತಾತ್ಕಾಲಿಕ ಸಮಿತಿ'. ತಾತ್ಕಾಲಿಕ ಅಂತ 1990ರ ದಶಕದಲ್ಲಿ ಮಾಡಿದ್ದು, ಕಾಲು ಶತಮಾನ ದಾಟಿದರೂ ತಾತ್ಕಾಲಿಕವಾಗೇ ಉಳಿದಿತ್ತು. ಎಲ್ಲರಿಗೂ ಸೇರಿದ ಹೊಣೆ ಯಾರದೂ ಆಗಿರಲಿಲ್ಲ.

ಹೆಸರಿನಿಂದಲ್ಲ, ಖಾಲಿ ಜಾಗದಿಂದ ಶುರು

ಇನ್ನು ನೇಮಕದ ವಿಷಯ. ಮಂಡಳಿಯಲ್ಲಿ ಒಂದು ಕುರ್ಚಿ ಖಾಲಿಯಾಯಿತು ಅಂದುಕೊಳ್ಳಿ. ಹೆಚ್ಚಿನ ಕಡೆ ಆಗುವ ಮೊದಲ ತಪ್ಪು ಏನು ಗೊತ್ತಾ? "ನಮಗೆ ಗೊತ್ತಿರುವ ಒಳ್ಳೆಯವರು ಯಾರಿದ್ದಾರೆ?" ಎಂಬ ಮಾತಿನಿಂದಲೇ ಶುರು ಮಾಡುವುದು. ಅಲ್ಲಿಗೆ ಮುಗಿಯಿತು. ಗೊತ್ತಿರುವವರಿಗೆ ಗೊತ್ತಿರುವವರು ಬರುತ್ತಾರೆ. ಒಂದೇ ಕಾಲೇಜು, ಒಂದೇ ಕ್ಲಬ್ಬು, ಒಂದೇ ಬಗೆಯ ಯೋಚನೆ.

ಸರಿಯಾದ ದಾರಿ ಒಂದು ಕೋಷ್ಟಕದಿಂದ ಶುರುವಾಗುತ್ತದೆ. ಒಂದು ಕಡೆ ಈಗಿರುವ ಸದಸ್ಯರ ಹೆಸರು. ಇನ್ನೊಂದು ಕಡೆ ಮುಂದಿನ ಐದಾರು ವರ್ಷ ಬಂದರಿಗೆ ಬೇಕಾದ ತಿಳಿವಳಿಕೆ. ಗಮನಿಸಿ, ಮುಂದಿನ ವರ್ಷಗಳದ್ದು. ಹಿಂದಿನದ್ದಲ್ಲ. ನಿವೃತ್ತರಾಗುತ್ತಿರುವವರು ಲೆಕ್ಕಪರಿಶೋಧಕರಾಗಿದ್ದರೆ ಅವರ ಜಾಗಕ್ಕೆ ಇನ್ನೊಬ್ಬ ಲೆಕ್ಕಪರಿಶೋಧಕರೇ ಬೇಕು ಅಂತೇನಿಲ್ಲ.

ಆ ಪಟ್ಟಿಯಲ್ಲಿ ಈಗ ಏನೇನು ಬರುತ್ತದೆ ನೋಡಿ. ಸಮುದ್ರಯಾನದ ಅನುಭವ, ಹಣಕಾಸು, ದೊಡ್ಡ ಕಾಮಗಾರಿ, ಕಾರ್ಮಿಕ ಸಂಬಂಧ, ಇವೆಲ್ಲ ಹಳೆಯವು. ಹೊಸವು ಬೇರೆ. ಯುರೋಪಿನ ದೊಡ್ಡ ಬಂದರುಗಳಲ್ಲಿ 2030ರಿಂದ ಕಂಟೇನರ್ ಹಡಗು, ಪ್ರಯಾಣಿಕರ ಹಡಗುಗಳು ಧಕ್ಕೆಯಲ್ಲಿ ನಿಂತಾಗ ತಮ್ಮ ಎಂಜಿನ್ ಆರಿಸಿ ದಡದ ಕರೆಂಟು ಬಳಸಬೇಕು. ಅಂದರೆ ಬಂದರಿಗೆ ದೊಡ್ಡ ವಿದ್ಯುತ್ ಸಂಪರ್ಕ ಬೇಕು. ಅದರ ಕಷ್ಟ ವಿದ್ಯುತ್ ಕ್ಷೇತ್ರದಲ್ಲಿ ಇದ್ದವರಿಗೆ ಗೊತ್ತು, ಹಡಗಿನ ಕ್ಯಾಪ್ಟನ್‌ಗೆ ಗೊತ್ತಿಲ್ಲ. 2023ರ ನವೆಂಬರ್‌ನಲ್ಲಿ ಸೈಬರ್ ದಾಳಿಯಾಗಿ ಡಿಪಿ ವರ್ಲ್ಡ್ ಕಂಪನಿಯ ಆಸ್ಟ್ರೇಲಿಯಾದ ಟರ್ಮಿನಲ್‌ಗಳು, ಅಂದರೆ ಕಂಟೇನರ್ ಇಳಿಸಿ ಏರಿಸುವ ಜಾಗಗಳು, ಮೂರು ದಿನ ನಿಂತವು. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್, ಫ್ರೀಮ್ಯಾಂಟಲ್, ನಾಲ್ಕೂ ಕಡೆ. ಬೆಲ್ಜಿಯಂನ ಆಂಟ್ವರ್ಪ್ ಬಂದರಿನಲ್ಲಿ 2023 ಒಂದೇ ವರ್ಷ 100 ಟನ್‌ಗೂ ಹೆಚ್ಚು ಕೊಕೇನ್ ಸಿಕ್ಕಿತು. ಅಂದ ಮೇಲೆ, ಬಂದರಿನ ಯಾವ ನೌಕರರ ಮೇಲೆ ಕಳ್ಳಸಾಗಣೆದಾರರ ಕಣ್ಣು ಬೀಳಬಹುದು ಎಂದು ಊಹಿಸಬಲ್ಲ ಒಬ್ಬರು ಮಂಡಳಿಯಲ್ಲಿ ಇದ್ದರೆ ತಪ್ಪೇನು? ಪೊಲೀಸ್ ಅಥವಾ ಕಸ್ಟಮ್ಸ್ ಹಿನ್ನೆಲೆಯವರು ಇಲ್ಲಿ ಕೆಲಸಕ್ಕೆ ಬರುತ್ತಾರೆ.

ಇಷ್ಟೆಲ್ಲ ಒಬ್ಬರಲ್ಲೇ ಸಿಗುವುದಿಲ್ಲ. ಆದರೂ ಜಾಹೀರಾತುಗಳನ್ನು ಓದಿದರೆ ದೇವತೆಗಳಿಗೆ ಅರ್ಜಿ ಕರೆದ ಹಾಗಿರುತ್ತದೆ. ಹಣಕಾಸೂ ಗೊತ್ತಿರಬೇಕು, ಹಡಗೂ, ಪರಿಸರವೂ, ರಾಜಕೀಯವೂ. ಇದರ ಫಲ ಏನೆಂದರೆ ಯೋಗ್ಯರು ಹಿಂಜರಿಯುತ್ತಾರೆ, ಧೈರ್ಯ ಜಾಸ್ತಿ ಇರುವವರು ಅರ್ಜಿ ಹಾಕುತ್ತಾರೆ. ಕೋಷ್ಟಕದಲ್ಲಿ ಕಂಡ ಒಂದೋ ಎರಡೋ ಕೊರತೆಯನ್ನು ಮಾತ್ರ ಬರೆದು, ಅದು ಕಡ್ಡಾಯ, ಉಳಿದದ್ದು ಇದ್ದರೆ ಒಳ್ಳೆಯದು ಅಂದರೆ ಸಾಕು. ಇನ್ನೊಂದು ಸಾಲನ್ನಂತೂ ಅಳಿಸಿಯೇ ಬಿಡಬೇಕು: "ಈ ಮೊದಲು ಮಂಡಳಿಯಲ್ಲಿ ಸದಸ್ಯರಾಗಿದ್ದ ಅನುಭವ ಕಡ್ಡಾಯ." ಆ ಒಂದು ಸಾಲು ಹೊಸಬರನ್ನೆಲ್ಲ ಬಾಗಿಲಲ್ಲೇ ತಡೆಯುತ್ತದೆ. ಮೊದಲ ಸಲ ಒಳಗೆ ಬರದೆ ಯಾರಿಗೆ ಅನುಭವ ಬರುತ್ತದೆ, ಹೇಳಿ?

ಪ್ರತಿನಿಧಿಯೋ, ಸದಸ್ಯರೋ?

ಇಲ್ಲೊಂದು ಹಳೆಯ ಜಗಳ ಇದೆ. ಹಿಂದೆ ಬಂದರು ಮಂಡಳಿ ಅಂದರೆ ಪಾಲುದಾರರ ಸಭೆ. ಹಡಗಿನವರಿಗೆ ಒಂದು ಕುರ್ಚಿ, ವ್ಯಾಪಾರಿಗಳಿಗೆ ಒಂದು, ಕಾರ್ಮಿಕರಿಗೆ ಒಂದು, ಸರಕಾರಕ್ಕೆ ನಾಲ್ಕಾರು. ನ್ಯಾಯವಾಗಿಯೇ ಕಾಣುತ್ತದೆ. ಆದರೆ ಸುಂಕ ಏರಿಸುವ ಮಾತು ಬಂದಾಗ ಹಡಗಿನವರು ಯಾರ ಪರ ಮಾತಾಡುತ್ತಾರೆ? ಬಂದರಿನ ಪರವೋ, ತಮ್ಮವರ ಪರವೋ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಸಭೆ ನಡೆಯುತ್ತದೆ.

ಬ್ರಿಟನ್ನಿನಲ್ಲಿ 2000ದಿಂದೀಚೆಗೆ ಸರಕಾರದ ಮಾರ್ಗಸೂಚಿ ಬದಲಾಯಿತು. ಟ್ರಸ್ಟ್ ಪೋರ್ಟ್‌ಗಳ ಸದಸ್ಯರು ಯಾವ ಗುಂಪಿನ ಪ್ರತಿನಿಧಿಗಳೂ ಅಲ್ಲ, ಬಹಿರಂಗ ಜಾಹೀರಾತು ಕೊಟ್ಟು ಅರ್ಹತೆ ನೋಡಿ ಆರಿಸಬೇಕು ಎಂದಿತು. ಭಾರತ ನಡುದಾರಿ ಹಿಡಿದಿದೆ. 1963ರ ಮೇಜರ್ ಪೋರ್ಟ್ ಟ್ರಸ್ಟ್ಸ್ ಕಾಯ್ದೆಯ ಜಾಗಕ್ಕೆ ಬಂದ 2021ರ ಮೇಜರ್ ಪೋರ್ಟ್ ಅಥಾರಿಟೀಸ್ ಕಾಯ್ದೆ ಮಂಡಳಿಯನ್ನು ಚಿಕ್ಕದು ಮಾಡಿತು. ಮೊದಲು 17ರಿಂದ 19 ಜನ ಇರುತ್ತಿದ್ದರು. ಈಗ 11ರಿಂದ 13. ರಾಜ್ಯ ಸರಕಾರ, ರೈಲ್ವೆ, ರಕ್ಷಣೆ, ಕಸ್ಟಮ್ಸ್ ಕಡೆಯಿಂದ ಒಬ್ಬೊಬ್ಬರು, ನೌಕರರ ಪರವಾಗಿ ಇಬ್ಬರು ಇದ್ದೇ ಇರುತ್ತಾರೆ. ಜೊತೆಗೆ ಎರಡರಿಂದ ನಾಲ್ಕು ಸ್ವತಂತ್ರ ಸದಸ್ಯರು. ಚಿಕ್ಕ ಮಂಡಳಿ ಒಳ್ಳೆಯದೇ. ಆದರೆ ನನ್ನ ಲೆಕ್ಕದಲ್ಲಿ, ಅಷ್ಟು ಪ್ರತಿನಿಧಿಗಳ ನಡುವೆ ಕೂರುವ ಆ ಇಬ್ಬರು ಮೂವರು ಸ್ವತಂತ್ರರ ಆಯ್ಕೆ ಇನ್ನೂ ಸೂಕ್ಷ್ಮವಾಗಬೇಕು. ಯಾವ ಕಡೆಗೂ ಸೇರದ ದನಿ ಅವರದೊಂದೇ.

ಸ್ವತಂತ್ರ ಅಂದರೆ ಏನು? ಬಂದರಿನ ಜಾಗ ಬಾಡಿಗೆಗೆ ಹಿಡಿದ ಟರ್ಮಿನಲ್ ಕಂಪನಿಯಲ್ಲಿ ಪಾಲಿರಬಾರದು. ಹೂಳೆತ್ತುವ ಗುತ್ತಿಗೆದಾರರ ಜೊತೆ ವ್ಯವಹಾರ ಇರಬಾರದು. ಪಕ್ಕದ ಎದುರಾಳಿ ಬಂದರಿನಿಂದ ಸಂಬಳ ಪಡೆಯುತ್ತಿರಬಾರದು. ಕಷ್ಟ ಏನೆಂದರೆ ಬಂದರು ಗೊತ್ತಿರುವವರಿಗೆಲ್ಲ ಇಂಥ ಯಾವುದೋ ಒಂದು ನಂಟು ಇದ್ದೇ ಇರುತ್ತದೆ. ಪೂರ್ತಿ ನಂಟಿಲ್ಲದವರೇ ಬೇಕು ಅಂತ ಕೂತರೆ ಬಂದರೇ ನೋಡದವರು ಸಿಗುತ್ತಾರೆ. ಹಾಗಾಗಿ ಮೊದಲೇ ಎಲ್ಲ ಬರೆಸಿಕೊಳ್ಳುತ್ತಾರೆ. ಚಿಕ್ಕ ನಂಟಾದರೆ ಆ ವಿಷಯ ಬಂದಾಗ ಸಭೆಯಿಂದ ಎದ್ದು ಹೊರಗೆ ಹೋಗುವುದು. ಎದ್ದು ಹೋಗುವುದೇ ಕೆಲಸವಾಗುವಷ್ಟು ನಂಟಿದ್ದರೆ, ಆ ವ್ಯಕ್ತಿ ಬೇಡ.

ಸಂದರ್ಶನದ ಕೋಣೆಯಲ್ಲಿ

ಉಳಿದ ಕ್ರಮ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಮಂಡಳಿಯೊಳಗಿನ ಒಂದು ಚಿಕ್ಕ ನೇಮಕ ಸಮಿತಿ, ಬಹಿರಂಗ ಜಾಹೀರಾತು, ಕೆಲವೊಮ್ಮೆ ಹುಡುಕಿಕೊಡುವ ಏಜೆನ್ಸಿ, ಉದ್ದ ಪಟ್ಟಿ, ಶಾರ್ಟ್‌ಲಿಸ್ಟ್, ಸಂದರ್ಶನ, ಹಿನ್ನೆಲೆ ಪರಿಶೀಲನೆ. ಕೊನೆಯ ಸಹಿ ಯಾರದು ಎಂಬುದು ಆಯಾ ಬಂದರಿನ ಕಾನೂನಿನ ಮೇಲೆ ನಿಂತಿದೆ. ಲಂಡನ್ ಬಂದರಿನ ಚೇರ್ಮನ್ ಅವರನ್ನು ಸಾರಿಗೆ ಸಚಿವರೇ ನೇಮಿಸುತ್ತಾರೆ. ಷೇರುದಾರರಿರುವ ಬಂದರಿನಲ್ಲಿ ಷೇರುದಾರರು ನೇಮಿಸುತ್ತಾರೆ. ಅವಧಿ ಸಾಮಾನ್ಯವಾಗಿ ಮೂರು ವರ್ಷ, ಮತ್ತೆ ಮುಂದುವರಿಸಬಹುದು. ಬ್ರಿಟನ್ನಿನ ಕಾರ್ಪೊರೇಟ್ ಆಡಳಿತ ಸಂಹಿತೆಯ ಪ್ರಕಾರ ಒಂಬತ್ತು ವರ್ಷ ದಾಟಿದರೆ ಆ ಸದಸ್ಯರ ಸ್ವತಂತ್ರತೆಯನ್ನೇ ಪ್ರಶ್ನಿಸಬಹುದು. ಅಷ್ಟು ಹೊತ್ತಿಗೆ ಹೊರಗಿನವರು ಒಳಗಿನವರಾಗಿಬಿಟ್ಟಿರುತ್ತಾರೆ.

ಇವೆಲ್ಲ ಕಾಗದದ ಮೇಲಿನ ವಿಷಯ. ನಿಜವಾದ ಆಟ ಇರುವುದು ಸಂದರ್ಶನದಲ್ಲಿ. "ನಿಮ್ಮ ಸಾಧನೆ ಹೇಳಿ" ಅಂದರೆ ಅರ್ಧ ಗಂಟೆ ಹೇಳುತ್ತಾರೆ. ಏನೂ ತಿಳಿಯುವುದಿಲ್ಲ. ಅದರ ಬದಲು ಒಂದು ಸನ್ನಿವೇಶ ಕೊಡಬೇಕು. ಉದಾಹರಣೆಗೆ ಹೀಗೆ: ಕ್ರೇನ್‌ಗಳನ್ನೂ ಕಂಟೇನರ್ ಸಾಗಿಸುವ ಯಂತ್ರಗಳನ್ನೂ ಸ್ವಯಂಚಾಲಿತ ಮಾಡುವ ಯೋಜನೆ ಮೂರು ವರ್ಷದಿಂದ ನಡೆಯುತ್ತಿದೆ. ಅರ್ಧ ಹಣ ಖರ್ಚಾಗಿದೆ. ಗಡುವು ಎರಡು ಸಲ ಮುಂದೆ ಹೋಗಿದೆ. ಸಿಇಒ ಇನ್ನೊಂದು ವರ್ಷ ಕೊಡಿ ಅನ್ನುತ್ತಿದ್ದಾರೆ. ನೀವು ಏನು ಕೇಳುತ್ತೀರಿ?

ಇದು ಗಾಳಿಯಲ್ಲಿ ಹುಟ್ಟಿದ ಪ್ರಶ್ನೆ ಅಲ್ಲ. ಆಕ್ಲೆಂಡ್ ಬಂದರು 2016ರಲ್ಲಿ ಇಂಥ ಯೋಜನೆ ಶುರು ಮಾಡಿ 2022ರಲ್ಲಿ ಕೈಬಿಟ್ಟಿತು. 6 ಕೋಟಿ ನ್ಯೂಜಿಲೆಂಡ್ ಡಾಲರ್‌ಗೂ ಹೆಚ್ಚು ಹಣ ನೀರಿಗೆ ಹೋಯಿತು. ಕೈಬಿಟ್ಟದ್ದು ತಪ್ಪಲ್ಲ, ಅದಕ್ಕೆ ಧೈರ್ಯ ಬೇಕು. ಆದರೆ ನಿಲ್ಲಿಸಬೇಕಾ ಎಂಬ ಪ್ರಶ್ನೆ ಯಾವ ವರ್ಷ ಬರಬೇಕಿತ್ತು?

ಸನ್ನಿವೇಶ ಕೊಟ್ಟಾಗ ಅಭ್ಯರ್ಥಿಗಳು ಮೂರು ಬಗೆ ಆಗುತ್ತಾರೆ. ಕೆಲವರು ತಕ್ಷಣ ಪರಿಹಾರ ಹೇಳಲು ಶುರು ಮಾಡುತ್ತಾರೆ. ಆ ಸಾಫ್ಟ್‌ವೇರ್ ಬದಲಿಸಿ, ಈ ಗುತ್ತಿಗೆದಾರರನ್ನು ಕರೆಯಿರಿ. ಇವರು ಒಳ್ಳೆಯ ಸಿಇಒ ಆಗಿದ್ದವರು, ಇನ್ನೂ ಸಿಇಒ ಆಗಿಯೇ ಇದ್ದಾರೆ. ಈ ಕುರ್ಚಿಗೆ ಬಂದರೆ ದಿನವೂ ಫೋನ್ ಮಾಡಿ ಕಾಟ ಕೊಡುತ್ತಾರೆ. ಇನ್ನು ಕೆಲವರು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾರೆ. ಎರಡೂ ಕಡೆ ನ್ಯಾಯ ಇದೆ, ಎಲ್ಲರನ್ನೂ ವಿಶ್ವಾಸಕ್ಕೆ ತೆಗೆದುಕೊಳ್ಳಬೇಕು, ಇತ್ಯಾದಿ. ಇವರಿಂದ ತೊಂದರೆಯೂ ಇಲ್ಲ, ಉಪಯೋಗವೂ ಇಲ್ಲ. ಮೂರನೆಯವರು ತಿರುಗಿ ಕೇಳುತ್ತಾರೆ. ಶುರುವಿನಲ್ಲಿ ಯಾವ ಹಂತಕ್ಕೆ ಬಂದರೆ ನಿಲ್ಲಿಸುತ್ತೇವೆ ಎಂದು ಬರೆದಿಟ್ಟಿದ್ದಿರಾ? ಎರಡನೇ ಸಲ ಗಡುವು ಮುಂದೆ ಹೋದಾಗ ಮಂಡಳಿಗೆ ಯಾರು, ಯಾವ ಮಾತಿನಲ್ಲಿ ತಿಳಿಸಿದರು? ಧಕ್ಕೆಯಲ್ಲಿ ಕೆಲಸ ಮಾಡುವವರು ಈ ಯಂತ್ರದ ಬಗ್ಗೆ ಏನು ಹೇಳುತ್ತಾರೆ? ಹುಡುಕುತ್ತಿರುವುದು ಇವರನ್ನೇ.

ಆ ಕೊನೆಯ ಪ್ರಶ್ನೆ ನನಗೆ ತುಂಬ ಮುಖ್ಯ ಅನಿಸುತ್ತದೆ. ಅದೇ ಆಕ್ಲೆಂಡ್‌ನಲ್ಲಿ 2020ರ ಆಗಸ್ಟ್‌ನಲ್ಲಿ ರಾತ್ರಿ ಪಾಳಿಯ ಕಾರ್ಮಿಕರೊಬ್ಬರು ಬಿದ್ದ ಕಂಟೇನರ್ ಅಡಿ ಸಿಕ್ಕಿ ಸತ್ತರು. ಮರುವರ್ಷ ಬಂದ ಸ್ವತಂತ್ರ ವರದಿ, ಬಂದರಿನ ಸುರಕ್ಷತೆಯ ವ್ಯವಸ್ಥೆಯಲ್ಲೂ ಕೆಲಸದ ಸಂಸ್ಕೃತಿಯಲ್ಲೂ ಬೇರಿನಲ್ಲೇ ದೋಷ ಇದೆ ಎಂದಿತು. ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಮಂಡಳಿಗಳ ಕೈಗೆ ಬರುವ ಸುರಕ್ಷತಾ ವರದಿ ಹೇಗಿರುತ್ತದೆ? ಹಸಿರು, ಹಳದಿ, ಕೆಂಪು ಬಣ್ಣದ ಚೌಕಗಳು. ಹೆಚ್ಚಿನವು ಹಸಿರು. ಧಕ್ಕೆಯಲ್ಲಿ ಬೆಳಗಿನ ಜಾವ ಎರಡು ಗಂಟೆಗೆ ಏನು ನಡೆಯುತ್ತದೆ ಎಂಬುದು ಆ ಚೌಕದಲ್ಲಿ ಕಾಣುವುದಿಲ್ಲ. ಒಂದು ರಾತ್ರಿ ಹೆಲ್ಮೆಟ್ ಹಾಕಿಕೊಂಡು ಹೋಗಿ ನೋಡಿದವರಿಗೆ ಕಾಣುತ್ತದೆ. ಹೋಗಲು ಸಿದ್ಧರಿದ್ದೀರಾ ಅಂತ ಸಂದರ್ಶನದಲ್ಲೇ ಕೇಳಿಬಿಡುವುದು ಒಳ್ಳೆಯದು.

ಸಂಭಾವನೆ ಇಲ್ಲಿ ದೊಡ್ಡ ಆಕರ್ಷಣೆ ಆಗಬಾರದು. ಲಾಭದ ಮೇಲೆ ಬೋನಸ್ಸನ್ನಂತೂ ಕಟ್ಟಲೇಬಾರದು. ಕಟ್ಟಿದರೆ ಪ್ರಶ್ನೆ ಕೇಳುವವರಿಗೂ ಉತ್ತರ ಹೇಳುವವರಿಗೂ ಒಂದೇ ಆಸೆ ಹುಟ್ಟುತ್ತದೆ. ಸಮಯದ ಬಗ್ಗೆ ಮಾತ್ರ ಪ್ರಾಮಾಣಿಕವಾಗಿ ಹೇಳಬೇಕು. ತಿಂಗಳಿಗೆ ಎರಡು ದಿನ ಅಂತ ಬರೆದಿರುತ್ತಾರೆ. ಸಭೆಗೆ ಮೊದಲು ಓದಬೇಕಾದ ಕಾಗದದ ಕಟ್ಟೇ ಒಂದು ದಿನ ತಿನ್ನುತ್ತದೆ. ಆಡಿಟ್ ಸಮಿತಿ, ಸುರಕ್ಷತಾ ಸಮಿತಿ ಬೇರೆ. ಅವಘಡ ಆದ ವಾರವಂತೂ ಲೆಕ್ಕವೇ ಇಲ್ಲ.

ಅರ್ಜಿ ಹಾಕುವ ಯೋಚನೆಯಲ್ಲಿ ಇರುವವರಿಗೂ ಒಂದು ಮಾತು. ಸಂದರ್ಶನ ಎರಡೂ ಕಡೆಯಿಂದ ನಡೆಯುತ್ತದೆ. ಸಹಿ ಮಾಡುವ ಮೊದಲು ಹಿಂದಿನ ಒಂದು ವರ್ಷದ ಸಭೆಯ ನಡಾವಳಿ ಕೇಳಿ. ಅದರಲ್ಲಿ "ಸದಸ್ಯರು ವರದಿಯನ್ನು ಗಮನಿಸಿದರು" ಎಂಬ ಸಾಲು ಎಷ್ಟು ಸಲ ಇದೆ, "ಸದಸ್ಯರು ಕೇಳಿದರು" ಎಂಬ ಸಾಲು ಎಷ್ಟು ಸಲ ಇದೆ, ಎಣಿಸಿ. ನಿರ್ದೇಶಕರ ವಿಮೆ ಇದೆಯೇ ಕೇಳಿ. ಆಮೇಲೆ ಹಾರ್ಬರ್ ಮಾಸ್ಟರ್ ಜೊತೆ ಅರ್ಧ ಗಂಟೆ ಮಾತಾಡಬೇಕು, ಸಿಇಒ ಪಕ್ಕದಲ್ಲಿ ಇಲ್ಲದೆ, ಅಂತ ಚೇರ್ಮನ್ ಹತ್ತಿರ ಹೇಳಿ ನೋಡಿ. ಕೆಲವರು ಆಗಲೇ ಫೋನ್ ಎತ್ತಿ ಸಮಯ ಗೊತ್ತು ಮಾಡುತ್ತಾರೆ. ಕೆಲವರು "ಅದೆಲ್ಲ ನೀವು ಸೇರಿದ ಮೇಲೆ ನೋಡೋಣ" ಅನ್ನುತ್ತಾರೆ.